ಎಐ ಬರೆದ ಕೋಡಿಗೆ ಸಹಿ ಹಾಕುವವರು ಯಾರು?

ಪ್ರಶ್ನೆ: ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಮೂರು ವರ್ಷಗಳಿಂದ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ನಮ್ಮೂರು ತಿಪಟೂರಿನ ಹತ್ತಿರ. ಕಳೆದ ಒಂದು ವರ್ಷದಲ್ಲಿ ನನ್ನ ಕೆಲಸ ಗುರುತು ಸಿಗದಷ್ಟು ಬದಲಾಗಿದೆ. ಮೊದಲು ದಿನವಿಡೀ ಕೋಡ್ ಬರೆಯುತ್ತಿದ್ದೆ. ಈಗ ಎಐ ಬರೆಯುತ್ತದೆ, ನಾನು ಓದಿ ‘ಸರಿ’ ಎನ್ನುತ್ತೇನೆ. ಕೆಲಸ ಬೇಗ ಮುಗಿಯುತ್ತದೆ, ಮ್ಯಾನೇಜರ್ ಮೆಚ್ಚುತ್ತಾರೆ. ಆದರೆ ಮೊನ್ನೆ ಎಐ ಇಲ್ಲದೆ ಒಂದು ಸಣ್ಣ ಪ್ರೋಗ್ರಾಂ ಬರೆಯಲು ಕುಳಿತರೆ ಕೈ ಓಡಲಿಲ್ಲ. ಹೆದರಿಕೆಯಾಯಿತು. ಇನ್ನು ಐದು ವರ್ಷಕ್ಕೆ ಎಂಜಿನಿಯರ್ ಎನಿಸಿಕೊಂಡವರಿಗೆ ಮಾಡಲು ಏನು ಉಳಿದಿರುತ್ತದೆ, ಮೇಡಂ? ತಮ್ಮ ಪಿಯುಸಿ ಮುಗಿಸಿದ್ದಾನೆ, ಸಿಇಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಸಿಗುವಂಥ ರ್‍ಯಾಂಕ್ ಬಂದಿದೆ. ಸೇರಿಸಬಹುದೇ ಎಂದು ಅಪ್ಪ ನನ್ನನ್ನೇ ಕೇಳುತ್ತಿದ್ದಾರೆ. ಏನು ಹೇಳಲಿ?

ಉತ್ತರ: ‘ಕೈ ಓಡಲಿಲ್ಲ’ ಎಂದು ಬರೆದಿದ್ದೀರಲ್ಲ, ಆ ಮಾತಿನ ಹತ್ತಿರ ನಾನು ತುಂಬ ಹೊತ್ತು ನಿಂತೆ. ಇಪ್ಪತ್ತಾರು ವರ್ಷಗಳಿಂದ ಇದೇ ಕಸುಬಿನಲ್ಲಿದ್ದೇನೆ, ಎಐ ಉಪಕರಣಗಳನ್ನು ದಿನವೂ ಬಳಸುತ್ತೇನೆ. ಕೆಲಸ ಹೋಗುತ್ತದೆಯೇ ಎಂದು ಕೇಳುವವರು ಬಹಳ ಮಂದಿ. ಕೆಲಸ ಕೈಯಲ್ಲಿರುವಾಗಲೇ ಅದನ್ನು ಮಾಡುವ ಬಗೆ ಮರೆತುಹೋಗುತ್ತಿದೆ ಎಂದು ತಾವಾಗಿ ಗಮನಿಸಿ ಹೇಳಿದವರು ಕಡಿಮೆ. ಎರಡನೆಯದೇ ದೊಡ್ಡ ಚಿಂತೆ ಎಂದು ನಾನು ನಂಬಿದ್ದೇನೆ. ನಿಮ್ಮ ಮೊದಲ ಪ್ರಶ್ನೆಗೂ ತಮ್ಮನ ಪ್ರಶ್ನೆಗೂ ಉತ್ತರ ಅದರಲ್ಲೇ ಇದೆ.

ಈ ಉಪಕರಣಗಳು ಬೆಳೆದ ವೇಗವನ್ನು ಮೊದಲು ನೆನಪಿಸಿಕೊಳ್ಳೋಣ. 2021ರ ಜೂನ್‌ನಲ್ಲಿ ಗಿಟ್‌ಹಬ್ ಕೋಪೈಲಟ್ ಪ್ರಾಯೋಗಿಕವಾಗಿ ಹೊರಬಂದಾಗ ಅದು ಮಾಡುತ್ತಿದ್ದ ಕೆಲಸ ಇಷ್ಟೇ: ನಾವು ಅರ್ಧ ಸಾಲು ಬರೆದರೆ ಮುಂದಿನದನ್ನು ಮಸುಕು ಬಣ್ಣದಲ್ಲಿ ತೋರಿಸುವುದು. ಒಪ್ಪಿಗೆಯಾದರೆ ಟ್ಯಾಬ್ ಕೀಲಿ ಒತ್ತಬೇಕು. 2022ರ ನವೆಂಬರ್ 30ಕ್ಕೆ ಚಾಟ್‌ಜಿಪಿಟಿ ಬಂದ ಮೇಲೆ ಮಾತಿನಲ್ಲಿ ಕೇಳಿದರೆ ಇಡೀ ಫಂಕ್ಷನ್, ಅಂದರೆ ಒಂದು ಕೆಲಸವನ್ನು ಪೂರ್ತಿ ಮಾಡುವ ಕೋಡಿನ ತುಣುಕು, ಬರತೊಡಗಿತು. 2025ರ ಹೊತ್ತಿಗೆ ಕ್ಲಾಡ್ ಕೋಡ್, ಕರ್ಸರ್, ಕೋಡೆಕ್ಸ್ ಮುಂತಾದ ಏಜೆಂಟ್‌ಗಳು ಸಾಮಾನ್ಯವಾದವು. ಇವಕ್ಕೆ ಕೆಲಸ ಒಪ್ಪಿಸಿದರೆ ತಾವೇ ಕಡತಗಳನ್ನು ತೆರೆದು ಓದುತ್ತವೆ, ಕೋಡ್ ತಿದ್ದುತ್ತವೆ, ಕೋಡ್ ಸರಿಯಿದೆಯೇ ಎಂದು ನೋಡುವ ಟೆಸ್ಟ್ ಓಡಿಸುತ್ತವೆ, ತಪ್ಪು ಬಂದರೆ ಅದರ ಸಂದೇಶ ಓದಿ ಮತ್ತೆ ತಿದ್ದುತ್ತವೆ. ಗೂಗಲ್‌ನಲ್ಲಿ ಹೊಸದಾಗಿ ಸೇರುವ ಕೋಡಿನ ಕಾಲು ಭಾಗಕ್ಕಿಂತ ಹೆಚ್ಚನ್ನು ಎಐ ಬರೆಯುತ್ತಿದೆ, ಎಂಜಿನಿಯರ್‌ಗಳು ಪರಿಶೀಲಿಸಿ ಒಪ್ಪುತ್ತಿದ್ದಾರೆ ಎಂದು ಸುಂದರ್ ಪಿಚೈ 2024ರ ಅಕ್ಟೋಬರ್‌ನಲ್ಲೇ ಹೇಳಿದ್ದರು. ಆ ಹೇಳಿಕೆಯ ಮೊದಲರ್ಧ ಊರೆಲ್ಲ ಸುದ್ದಿಯಾಯಿತು. ನಾನು ಇಲ್ಲಿ ಬರೆಯಹೊರಟಿರುವುದು ಎರಡನೆಯ ಅರ್ಧದ ಬಗ್ಗೆ.

ನನ್ನ ತಂಡದಲ್ಲೇ ನಡೆದ ಒಂದು ಸಂಗತಿ ಹೇಳುತ್ತೇನೆ. ಕೆಲವು ಹಳ್ಳಿಗಳ ಹಾಲು ಉತ್ಪಾದಕರ ಸಂಘಗಳಿಗೆ ನಾವೊಂದು ಸಣ್ಣ ತಂತ್ರಾಂಶ ಮಾಡಿಕೊಡುತ್ತಿದ್ದೆವು. ಬೆಳಿಗ್ಗೆ, ಸಂಜೆ ಜನ ಹಾಲು ತಂದು ಸುರಿಯುತ್ತಾರೆ. ಅಳತೆಯಾಗುತ್ತದೆ, ಜಿಡ್ಡಿನ ಅಂಶ ನೋಡುತ್ತಾರೆ, ಪುಟ್ಟ ಯಂತ್ರದಿಂದ ಎರಡಿಂಚು ಅಗಲದ ಚೀಟಿ ಹೊರಬರುತ್ತದೆ. ಚೀಟಿಯ ಮೇಲೆ ಹೆಸರು, ಲೀಟರ್, ದರ, ಮೊತ್ತ. ಹೆಸರು ಉದ್ದವಾದರೆ ಪಕ್ಕದ ಅಂಕಣಕ್ಕೆ ನುಗ್ಗುತ್ತಿತ್ತು. ನಮ್ಮ ತಂಡದ ಹುಡುಗ ಏಜೆಂಟ್‌ಗೆ ಹೇಳಿದ: ಹೆಸರು ಹತ್ತು ಅಕ್ಷರಕ್ಕಿಂತ ಉದ್ದವಿದ್ದರೆ ಹತ್ತಕ್ಕೆ ಕತ್ತರಿಸು. ಎರಡು ನಿಮಿಷದಲ್ಲಿ ಕೋಡ್ ಸಿದ್ಧವಾಯಿತು, ಜೊತೆಗೆ ಹನ್ನೊಂದು ಟೆಸ್ಟ್‌ಗಳೂ ಬಂದವು. ಹೆಸರು ಖಾಲಿ ಇದ್ದರೆ ಏನಾಗಬೇಕು, ಬರೀ ಖಾಲಿ ಜಾಗವಿದ್ದರೆ ಏನಾಗಬೇಕು ಎಂಬುದನ್ನೂ ಅದು ಯೋಚಿಸಿತ್ತು. ಹನ್ನೊಂದೂ ಹಸಿರು, ಎಂದರೆ ಪಾಸು. ಅವನು ಓದಿ ಒಪ್ಪಿದ, ನಾನೂ ಓದಿ ಒಪ್ಪಿದೆ.

ನಾಲ್ಕನೆಯ ದಿನ ಒಂದು ಸಂಘದ ಕಾರ್ಯದರ್ಶಿ ಫೋನ್ ಮಾಡಿದರು. ಭಾಗ್ಯಲಕ್ಷ್ಮಮ್ಮ ಎಂಬವರು ಚೀಟಿ ತೆಗೆದುಕೊಳ್ಳಲು ಒಪ್ಪುತ್ತಿಲ್ಲ, ‘ಇದು ನನ್ನ ಹೆಸರಲ್ಲ’ ಎನ್ನುತ್ತಿದ್ದಾರೆ ಎಂದರು. ಚೀಟಿಯ ಚಿತ್ರ ಕಳಿಸಿದರು. ಅದರಲ್ಲಿ ‘ಭಾಗ್ಯಲಕ್ಷ್’ ಎಂದಿತ್ತು.

ಭಾಗ್ಯಲಕ್ಷ್ಮಮ್ಮ ಎಂದರೆ ಎಷ್ಟು ಅಕ್ಷರ? ಒಂದನೆಯ ತರಗತಿಯ ಮಗುವನ್ನು ಕೇಳಿದರೆ ಭಾ, ಗ್ಯ, ಲ, ಕ್ಷ್ಮ, ಮ್ಮ ಎಂದು ಬೆರಳು ಮಡಿಸಿ ಐದು ಎನ್ನುತ್ತದೆ. ಕಂಪ್ಯೂಟರಿನ ಎಣಿಕೆಯಲ್ಲಿ ಅದು ಹದಿನಾಲ್ಕು. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಇಡುವ ಯೂನಿಕೋಡ್ ಎಂಬ ಪದ್ಧತಿಯಲ್ಲಿ ದೀರ್ಘದ ಚಿಹ್ನೆಗೊಂದು ಸಂಕೇತ, ಪ್ರತಿ ಒತ್ತಕ್ಷರಕ್ಕೂ ನಡುವೆ ಒಂದು ವಿರಾಮದ ಸಂಕೇತ. ‘ಕ್ಷ್ಮ’ ಒಂದರಲ್ಲೇ ಐದಿವೆ: ಕ, ವಿರಾಮ, ಷ, ವಿರಾಮ, ಮ. ಹತ್ತನೆಯದಕ್ಕೆ ಕತ್ತರಿ ಹಾಕಿದರೆ ಸರಿಯಾಗಿ ‘ಷ್’ ಎಂಬಲ್ಲಿ ಹೆಸರು ತುಂಡಾಗುತ್ತದೆ. ಐದೇ ಅಕ್ಷರದ ಹೆಸರನ್ನು ಕತ್ತರಿಸುವ ಅಗತ್ಯವೇ ಇರಲಿಲ್ಲ. ಟೆಸ್ಟ್‌ಗಳಲ್ಲಿದ್ದ ಹೆಸರುಗಳನ್ನು ಆಮೇಲೆ ತೆಗೆದು ನೋಡಿದೆ. ರಮೇಶ್, ಪ್ರಿಯಾ, ಸುರೇಶ್, ಎಲ್ಲವೂ ಇಂಗ್ಲಿಷ್ ಲಿಪಿಯಲ್ಲಿದ್ದವು.

ಇದನ್ನು ಯಂತ್ರದ ತಪ್ಪು ಎಂದು ಹೇಳಲಾರೆ. ಹೇಳಿದ್ದನ್ನು ಅದು ಅಚ್ಚುಕಟ್ಟಾಗಿ ಮಾಡಿತ್ತು. ಕನ್ನಡದ ಹೆಸರುಗಳು ಬರುತ್ತವೆ, ಒತ್ತಕ್ಷರದ ನಡುವೆ ಕತ್ತರಿಸಬಾರದು ಎಂದು ತಿಳಿಸಿದ ಮೇಲೆ ಕೆಲವೇ ನಿಮಿಷಗಳಲ್ಲಿ ತಿದ್ದಿಕೊಟ್ಟಿತು. ಅಷ್ಟೇ ಅಲ್ಲ, ನಾವು ಕೇಳದಿದ್ದ ಇನ್ನೊಂದು ಸಂಗತಿಯನ್ನೂ ಮುಂದಿಟ್ಟಿತು: ‘ಮೀ’ ಎಂಬುದರ ದೀರ್ಘವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಸಂಕೇತಗಳಾಗಿ ಒಡೆದೂ ಬರೆಯಬಹುದು, ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಲಕ್ಷ್ಮೀಯರು ಹುಡುಕಾಟದಲ್ಲಿ ಬೇರೆ ಬೇರೆಯಾಗಿಬಿಡಬಹುದು ಎಂದು. ನಿಜ, ಅದು ನನಗೂ ಆ ಹೊತ್ತಿಗೆ ಹೊಳೆದಿರಲಿಲ್ಲ. ಕೊನೆಗೆ ನಾವು ಆ ತಿದ್ದುಪಡಿಯನ್ನೂ ಬಳಸಲಿಲ್ಲ. ಕಾರ್ಯದರ್ಶಿಯವರನ್ನು ಕೇಳಿದಾಗ ಅವರು ಹೇಳಿದ್ದು ಇಷ್ಟು: ‘ಹೆಸರನ್ನು ಕತ್ತರಿಸಲೇಬೇಡಿ, ಎರಡು ಸಾಲಾದರೆ ಆಗಲಿ, ಕಾಗದ ಸ್ವಲ್ಪ ಹೆಚ್ಚು ಹೋಗುತ್ತದೆ ಅಷ್ಟೆ.’ ಇಡೀ ಕಸರತ್ತು ಬೇಕೇ ಇರಲಿಲ್ಲ.

ಅದೇ ತಂತ್ರಾಂಶದಲ್ಲಿ ಇನ್ನೊಂದು ಕಡೆ 7.3 ಲೀಟರ್ ಹಾಲಿಗೆ ಲೀಟರಿಗೆ 36.45 ರೂಪಾಯಿಯಂತೆ ಲೆಕ್ಕ ಹಾಕಬೇಕಿತ್ತು. ಗುಣಿಸಿದರೆ 266.085. ಇದನ್ನು 266.09 ಎನ್ನಬೇಕೋ 266.08 ಎನ್ನಬೇಕೋ? ಶಾಲೆಯಲ್ಲಿ ಕಲಿತ ಪದ್ಧತಿ ಮೊದಲನೆಯದು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ದಶಮಾಂಶ ಲೈಬ್ರರಿ (ಸಿದ್ಧ ಕೋಡಿನ ಕಟ್ಟು) ತಾನಾಗಿ ಮಾಡುವುದು ಎರಡನೆಯದು. ಸರಿಯಾಗಿ ನಡುವೆ ಬಂದ ಸಂಖ್ಯೆಯನ್ನು ಅದು ಹತ್ತಿರದ ಸಮಸಂಖ್ಯೆಗೆ ಒಯ್ಯುತ್ತದೆ. ಎರಡಕ್ಕೂ ಒಳ್ಳೆಯ ಕಾರಣಗಳಿವೆ. ಏಜೆಂಟ್ ಸದ್ದಿಲ್ಲದೆ ಎರಡನೆಯದನ್ನು ಆರಿಸಿಕೊಂಡಿತ್ತು. ಸಂಘದ ದಪ್ಪ ಲೆಕ್ಕದ ಪುಸ್ತಕದಲ್ಲಿ ವರ್ಷಗಳಿಂದ ನಡೆದು ಬಂದದ್ದು ಮೊದಲನೆಯದು. ಒಂದು ಪೈಸೆಯ ಮಾತು, ಆದರೆ ಚೀಟಿಗಳ ಮೊತ್ತಕ್ಕೂ ಪುಸ್ತಕದ ಮೊತ್ತಕ್ಕೂ ತಾಳೆಯಾಗದಿದ್ದರೆ ಸಂಜೆ ಬಾಗಿಲು ಹಾಕುವಂತಿಲ್ಲ.

ಈ ಎರಡೂ ಕಡೆ ಬೇಕಾಗಿದ್ದ ತಿಳಿವಳಿಕೆ ಯಾವ ಕಡತದಲ್ಲೂ ಇರಲಿಲ್ಲ. ಒಂದು ಭಾಗ್ಯಲಕ್ಷ್ಮಮ್ಮನವರ ಬಳಿ ಇತ್ತು, ಇನ್ನೊಂದು ಕಾರ್ಯದರ್ಶಿಯವರ ರೂಢಿಯಲ್ಲಿತ್ತು. ಹೋಗಿ ಕೇಳಿ, ತಂದು, ಸ್ಪಷ್ಟವಾಗಿ ಬರೆದು, ಬಂದದ್ದನ್ನು ಅದಕ್ಕೆ ತಾಳೆ ನೋಡಿ, ‘ಹೌದು, ಇದನ್ನು ಜನರ ಕೈಗೆ ಕೊಡಬಹುದು, ಕೆಟ್ಟರೆ ನಾನು ನೋಡಿಕೊಳ್ಳುತ್ತೇನೆ’ ಎಂದು ಸಹಿ ಹಾಕುವವರು ಬೇಕು. ಎಂಜಿನಿಯರ್ ಕೆಲಸದಲ್ಲಿ ಉಳಿಯುವುದು ಏನು ಎಂದು ಕೇಳಿದಿರಿ. ಇದು ಉಳಿಯುತ್ತದೆ. ಇದು ಮೊದಲೂ ಇತ್ತು, ಆದರೆ ಬರೆಯುವ ಕೆಲಸವೇ ದಿನದ ಬಹುಪಾಲನ್ನು ತಿನ್ನುತ್ತಿದ್ದುದರಿಂದ ಕಾಣುತ್ತಿರಲಿಲ್ಲ.

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಎನ್ನುತ್ತೇವೆ. ಮನುಷ್ಯರು ಬರೆದ ಕೋಡನ್ನು ಪರಿಶೀಲಿಸುವಾಗ ಈ ಮಾತು ಅಷ್ಟಿಷ್ಟು ನಿಜವಾಗುತ್ತಿತ್ತು. ಅವಸರದಲ್ಲಿ ಬರೆದವರ ಕೋಡು ನೋಡಿದೊಡನೆ ಗೊತ್ತಾಗುತ್ತಿತ್ತು. ಹೆಸರುಗಳು ಅಡ್ಡಾದಿಡ್ಡಿ, ಟಿಪ್ಪಣಿ ಇಲ್ಲ. ಅಂಥಲ್ಲಿ ನಾವು ಜಾಗರೂಕರಾಗುತ್ತಿದ್ದೆವು. ಎಐ ಬರೆದದ್ದು ಎಲ್ಲ ಕಡೆಯೂ ಒಂದೇ ಹದದಲ್ಲಿ ನಯವಾಗಿರುತ್ತದೆ. ತಪ್ಪಿರುವ ಸಾಲು ಸರಿಯಿರುವ ಸಾಲಿನಷ್ಟೇ ಚೆಂದ. ಹಾಗಾಗಿ ಎಷ್ಟು ಅಗುಳು ಹಿಸುಕಿದರೂ ತಳದಲ್ಲಿ ಬೇಯದೆ ಉಳಿದದ್ದು ತಿಳಿಯುವುದಿಲ್ಲ. ಟೆಸ್ಟ್‌ಗಳು ಇವೆಯಲ್ಲ ಎನ್ನಬಹುದು. ಕೋಡನ್ನೂ ಟೆಸ್ಟನ್ನೂ ಬರೆದದ್ದು ಒಂದೇ ಕೈಯಾದರೆ ಎರಡರಲ್ಲೂ ಒಂದೇ ತಪ್ಪು ತಿಳಿವಳಿಕೆ ಇರುತ್ತದೆ. ನಮ್ಮ ಹನ್ನೊಂದು ಹಸಿರು ಟೆಸ್ಟ್‌ಗಳು ಹೇಳಿದ್ದು ಇಷ್ಟೇ: ಯಂತ್ರ ತಾನು ಅಂದುಕೊಂಡದ್ದನ್ನು ಸರಿಯಾಗಿ ಮಾಡಿದೆ. ಹಾಗಾಗಿ ಈಗ ನಮ್ಮ ತಂಡದಲ್ಲಿ ಟೆಸ್ಟಿಗೆ ಬೇಕಾದ ಉದಾಹರಣೆಗಳನ್ನು ಮನುಷ್ಯರೇ, ಸಾಧ್ಯವಾದರೆ ಬಳಸುವವರನ್ನು ಕೇಳಿಯೇ, ಮೊದಲು ಬರೆಯುತ್ತಾರೆ. ಕೋಡ್ ಆಮೇಲೆ.

‘ಹಿಂದೆ ಕಂಪೈಲರ್ ಬಂದಾಗಲೂ ಹೀಗೇ ಹೆದರಿದ್ದರು, ಏನೂ ಆಗಲಿಲ್ಲ’ ಎಂದು ಸಮಾಧಾನ ಹೇಳುವವರು ನಿಮಗೂ ಸಿಕ್ಕಿರುತ್ತಾರೆ. ನಾವು ಬರೆದ ಕೋಡನ್ನು ಯಂತ್ರಭಾಷೆಗೆ ಇಳಿಸುವ ತಂತ್ರಾಂಶವೇ ಕಂಪೈಲರ್. ಆ ಹೋಲಿಕೆ ಅರ್ಧ ಸರಿ. 1957ರಲ್ಲಿ ಐಬಿಎಂನಲ್ಲಿ ಜಾನ್ ಬ್ಯಾಕಸ್ ಅವರ ತಂಡ ಫೋರ್ಟ್ರಾನ್ ಭಾಷೆಯನ್ನೂ ಅದರ ಕಂಪೈಲರನ್ನೂ ಹೊರತಂದಿತು. ಆ ಕಾಲದಲ್ಲಿ ಈ ಬಗೆಯ ಕೆಲಸವನ್ನು ‘ಆಟೊಮ್ಯಾಟಿಕ್ ಪ್ರೋಗ್ರಾಮಿಂಗ್’ ಎಂದೇ ಕರೆಯುತ್ತಿದ್ದರು. ಯಂತ್ರಭಾಷೆಯಲ್ಲಿ ಒಂದೊಂದೇ ಆದೇಶ ಬರೆಯುವ ಶ್ರಮ ತಪ್ಪಿತು. ಪ್ರೋಗ್ರಾಮರ್‌ಗಳ ಸಂಖ್ಯೆ ಕುಗ್ಗುವ ಬದಲು ಹಲವು ಪಟ್ಟು ಹೆಚ್ಚಿತು. ಇಷ್ಟು ನಿಜ. ಆದರೆ ಕಂಪೈಲರ್ ಕೊಟ್ಟ ಯಂತ್ರಭಾಷೆಯನ್ನು ಇವತ್ತು ಹೆಚ್ಚಿನವರು ಕುಳಿತು ಓದುವುದಿಲ್ಲ, ಏಕೆಂದರೆ ಓದಬೇಕಾಗಿಲ್ಲ. ನಾವು ಬರೆದ ಸಾಲಿಗೆ ಖಚಿತವಾದ ಒಂದೇ ಅರ್ಥವಿದೆ, ಕಂಪೈಲರ್ ಆ ಅರ್ಥವನ್ನು ಉಳಿಸಿಕೊಳ್ಳಲು ಬದ್ಧವಾಗಿದೆ. ‘ಹೆಸರನ್ನು ಹತ್ತು ಅಕ್ಷರಕ್ಕೆ ಕತ್ತರಿಸು’ ಎಂಬ ಮಾತಿಗೆ ಅಂಥ ಒಂದೇ ಅರ್ಥವಿಲ್ಲ. ಇದೇ ಮಾತನ್ನು ಏಜೆಂಟ್‌ಗೆ ಇಂದೊಮ್ಮೆ, ನಾಳೆಯೊಮ್ಮೆ ಹೇಳಿದರೆ ಎರಡು ಬೇರೆ ಕೋಡ್ ಬರಬಹುದು. ಏಜೆಂಟಿನ ಒಳಗಿರುವ ಭಾಷಾ ಮಾದರಿ ಮಾಡುವುದು ಇದನ್ನು: ಈವರೆಗಿನ ಬರಹಕ್ಕೆ ಮುಂದೆ ಯಾವುದು ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕಿ ಮುಂದುವರಿಸುತ್ತದೆ. ನಾವು ಹೇಳದೆ ಬಿಟ್ಟ ಜಾಗಗಳನ್ನು ಜಗತ್ತಿನ ರೂಢಿಯಿಂದ ತುಂಬುತ್ತದೆ. ಜಗತ್ತಿನ ರೂಢಿ ಎಂದರೆ ಬಹುಮಟ್ಟಿಗೆ ಇಂಗ್ಲಿಷ್ ಹೆಸರುಗಳ ರೂಢಿ. ಹಾಗಾಗಿ ಕಂಪೈಲರನ್ನು ನಂಬುವ ಹಾಗೆ ಇದನ್ನು ನಂಬುವಂತಿಲ್ಲ, ಓದಲೇಬೇಕು. ಒಮ್ಮೊಮ್ಮೆ ಇಲ್ಲದೇ ಇರುವ ಲೈಬ್ರರಿಯ ಹೆಸರನ್ನೂ ಅದು ಬರೆಯುತ್ತದೆ. ಅಂಥ ಹೆಸರಿನಲ್ಲಿ ಯಾರೋ ಕೆಟ್ಟ ಕೋಡ್ ಇಟ್ಟು ಕಾದು ಕುಳಿತರೆ ಅದು ನೇರ ನಮ್ಮ ಮನೆಯೊಳಕ್ಕೆ ಬರುತ್ತದೆ. 2025ರ ಜುಲೈಯಲ್ಲಿ ಅಮೆರಿಕದ ಉದ್ಯಮಿಯೊಬ್ಬರು, ಏನನ್ನೂ ಬದಲಾಯಿಸಬೇಡ ಎಂದು ಹೇಳಿದ್ದರೂ ಏಜೆಂಟ್ ತಮ್ಮ ಚಾಲ್ತಿಯಲ್ಲಿದ್ದ ಡೇಟಾಬೇಸನ್ನೇ ಅಳಿಸಿತು ಎಂದು ಬಹಿರಂಗವಾಗಿ ಹೇಳಿಕೊಂಡದ್ದು ನೀವು ಓದಿರಬಹುದು. ಏಜೆಂಟ್‌ಗೆ ಆ ಡೇಟಾಬೇಸಿನ ಕೀಲಿ ಕೊಟ್ಟದ್ದೇ ಅಲ್ಲಿ ಮೊದಲ ತಪ್ಪು ಎಂಬುದು ನನ್ನ ನಿಲುವು.

ಕೆಲಸ ಬೇಗ ಮುಗಿಯುತ್ತದೆ ಎಂದಿದ್ದೀರಿ. ಮುಗಿಯುತ್ತಿರಬಹುದು. ಆದರೆ ಗಡಿಯಾರ ಇಟ್ಟು ಒಮ್ಮೆ ಅಳೆದು ನೋಡಿ. ಮೆಟರ್ ಎಂಬ ಸಂಶೋಧನಾ ಸಂಸ್ಥೆ 2025ರ ಮೊದಲ ತಿಂಗಳುಗಳಲ್ಲಿ 16 ಮಂದಿ ಅನುಭವಿ ಎಂಜಿನಿಯರ್‌ಗಳಿಗೆ, ಅವರೇ ವರ್ಷಗಳಿಂದ ನೋಡಿಕೊಳ್ಳುತ್ತಿದ್ದ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ) ಯೋಜನೆಗಳ 246 ಕೆಲಸಗಳನ್ನು ಹಂಚಿ, ಕೆಲವಕ್ಕೆ ಎಐ ಬಳಸಲು ಬಿಟ್ಟು, ಕೆಲವಕ್ಕೆ ಬಿಡದೆ ಅಳೆಯಿತು. ಎಐ ಬಳಸಿದರೆ 24 ಶೇಕಡ ಸಮಯ ಉಳಿಯುತ್ತದೆ ಎಂದು ಅವರು ಮೊದಲು ಅಂದಾಜಿಸಿದ್ದರು. ಎಲ್ಲ ಮುಗಿದ ಮೇಲೂ 20 ಶೇಕಡ ಉಳಿಯಿತು ಎಂದೇ ನಂಬಿದ್ದರು. ಅಳತೆಯಲ್ಲಿ ಕಂಡದ್ದು, ಎಐ ಬಳಸಿದಾಗ 19 ಶೇಕಡ ಹೆಚ್ಚು ಸಮಯ ಹಿಡಿದಿತ್ತು. ಆ ಮೇಲೆ ಉಪಕರಣಗಳು ಸುಧಾರಿಸಿವೆ, ಹೊಸ ಜಾಗದಲ್ಲಿ ಹೊಸ ಕೆಲಸ ಮಾಡುವವರ ಲೆಕ್ಕವೂ ಬೇರೆ. 19 ಎಂಬ ಅಂಕಿಯನ್ನು ಯಾರ ಮುಖಕ್ಕೂ ಹಿಡಿಯಬೇಕಾಗಿಲ್ಲ. ನನ್ನನ್ನು ತಟ್ಟಿದ್ದು ಅನಿಸಿಕೆಗೂ ಅಳತೆಗೂ ನಡುವಿನ ಆ ದೂರ. ಪರದೆಯ ಮೇಲೆ ಸಾಲುಗಳು ಸರಸರನೆ ಓಡುವಾಗ ನಾವೂ ಓಡುತ್ತಿದ್ದೇವೆ ಅನಿಸುತ್ತದೆ.

ಇನ್ನು ಕಹಿಯಾದ ಮಾತು. ಹೊಸಬರಿಗೆ ಬಾಗಿಲು ಕಿರಿದಾಗುತ್ತಿದೆ, ಅದನ್ನು ನಿಮ್ಮಿಂದ ಮುಚ್ಚಿಡುವುದು ತಪ್ಪಾಗುತ್ತದೆ. ಅಮೆರಿಕದ ವೇತನ ದಾಖಲೆಗಳನ್ನು ಇಟ್ಟುಕೊಂಡು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2025ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 22ರಿಂದ 25 ವಯಸ್ಸಿನ ಸಾಫ್ಟ್‌ವೇರ್ ಎಂಜಿನಿಯರ್‌ಗಳ ಉದ್ಯೋಗ 2022ರ ಕೊನೆಯ ಮಟ್ಟಕ್ಕೆ ಹೋಲಿಸಿದರೆ ಸುಮಾರು ಐದನೆಯ ಒಂದು ಭಾಗ ಕುಸಿದಿತ್ತು. ಅವರಿಗಿಂತ ಹಿರಿಯರಲ್ಲಿ ಅಂಥ ಕುಸಿತ ಕಾಣಲಿಲ್ಲ. ಕೋವಿಡ್ ಕಾಲದಲ್ಲಿ ಕಂಪನಿಗಳು ಮಿತಿಮೀರಿ ನೇಮಿಸಿಕೊಂಡದ್ದು, ಬಡ್ಡಿ ದರ ಏರಿದ್ದು, ಇವೂ ಅದೇ ಸಮಯದಲ್ಲಿ ಆದವು. ಎಲ್ಲವನ್ನೂ ಎಐ ತಲೆಗೆ ಕಟ್ಟುವುದು ಸರಿಯಲ್ಲ. ನಮ್ಮಲ್ಲಿ 2025ರ ಜುಲೈಯಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯ ಶೇಕಡ 2ರಷ್ಟು, ಎಂದರೆ ಸುಮಾರು 12 ಸಾವಿರ ಮಂದಿಯನ್ನು ಬಿಡುವುದಾಗಿ ಹೇಳಿತು. ಅದರಲ್ಲಿ ಹೆಚ್ಚಿನವರು ಮಧ್ಯಮ ಮತ್ತು ಮೇಲಿನ ಹಂತದವರು. ಎಐ ಇದಕ್ಕೆ ಕಾರಣವಲ್ಲ ಎಂದು ಕಂಪನಿ ಸ್ಪಷ್ಟಪಡಿಸಿತ್ತು. ಕಾರಣ ಏನೇ ಇರಲಿ, ನಮ್ಮ ಸೇವಾ ಕಂಪನಿಗಳ ಕಟ್ಟಡ ನಿಂತಿರುವುದು ತಲೆಲೆಕ್ಕದ ಮೇಲೆ. ಕೆಳಗೆ ನೂರಾರು ಫ್ರೆಷರ್‌ಗಳು, ಮೇಲೆ ಕೆಲವೇ ಮಂದಿ, ಎಷ್ಟು ಜನ ಎಷ್ಟು ಗಂಟೆ ದುಡಿದರು ಎಂಬುದರ ಮೇಲೆ ಕ್ಲೈಂಟಿಗೆ ಬಿಲ್. ಆ ಕೆಳಗಿನ ಸಾಲಿನ ಕೆಲಸ, ಅಂದರೆ ಮೊದಲೇ ಇದ್ದ ನಮೂನೆಯನ್ನು ನೋಡಿ ಇನ್ನೊಂದು ಪುಟ ಮಾಡುವುದು, ಒಂದು ಭಾಷೆಯಿಂದ ಇನ್ನೊಂದಕ್ಕೆ ಕೋಡ್ ಇಳಿಸುವುದು, ಸಣ್ಣ ಟೆಸ್ಟ್ ಬರೆಯುವುದು, ಎಐ ಅತಿ ಚೆನ್ನಾಗಿ ಮಾಡುವ ಕೆಲಸವೂ ಹೌದು.

ನಾವೆಲ್ಲ ಕಸುಬು ಕಲಿತದ್ದು ಆ ಕೆಳಗಿನ ಸಾಲಿನಲ್ಲೇ. ಈ ಒಂದು ವಿಷಯದಲ್ಲಿ ನನಗೆ ಕಂಪನಿಗಳ ಮೇಲೆ ನಿಜವಾಗಿ ಸಿಟ್ಟಿದೆ. ಸಣ್ಣ ಕೆಲಸಗಳನ್ನೆಲ್ಲ ಯಂತ್ರಕ್ಕೆ ಕೊಟ್ಟು, ‘ನಮಗೆ ಯಂತ್ರವನ್ನು ಪರಿಶೀಲಿಸಬಲ್ಲ ಅನುಭವಿಗಳು ಬೇಕು’ ಎಂದು ಜಾಹೀರಾತು ಕೊಡುತ್ತಾರೆ. ಆ ಅನುಭವಿಗಳು ಮುಂದೆ ಎಲ್ಲಿಂದ ಬರಬೇಕು? ನನ್ನ ಮೊದಲ ವರ್ಷದಲ್ಲಿ ಒಂದು ಬಗ್ (ಕೋಡಿನ ದೋಷ) ಹಿಂದೆ ಮೂರು ದಿನ ಅಲೆದಿದ್ದೆ. ಒಂದು ಲೂಪ್ ಒಂದು ಸಲ ಹೆಚ್ಚು ತಿರುಗುತ್ತಿತ್ತು, ಅಷ್ಟೆ. ಇವತ್ತು ಅದನ್ನು ಏಜೆಂಟ್ ಅರ್ಧ ನಿಮಿಷದಲ್ಲಿ ಹಿಡಿಯುತ್ತದೆ. ಆದರೆ ಆ ಮೂರು ದಿನಗಳಲ್ಲಿ ಇಡೀ ಪ್ರೋಗ್ರಾಂ ನನ್ನ ತಲೆಯೊಳಗೆ ಇಳಿದಿತ್ತು. ಯಾವ ಸಂಖ್ಯೆ ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲವಳಾಗಿದ್ದೆ. ಡೆನ್ಮಾರ್ಕಿನ ಕಂಪ್ಯೂಟರ್ ವಿಜ್ಞಾನಿ ಪೀಟರ್ ನೌರ್ 1985ರಲ್ಲೇ ಒಂದು ಪ್ರಬಂಧದಲ್ಲಿ ಈ ಮಾತು ಹೇಳಿದ್ದರು: ಪ್ರೋಗ್ರಾಂ ಎಂದರೆ ಬರೆದಿಟ್ಟ ಸಾಲುಗಳಷ್ಟೇ ಅಲ್ಲ, ಅದನ್ನು ಕಟ್ಟಿದವರ ತಲೆಯಲ್ಲಿ ಬೆಳೆದ ತಿಳಿವಳಿಕೆಯೂ ಹೌದು, ಆ ತಂಡ ಚದುರಿದರೆ ಪ್ರೋಗ್ರಾಂ ಸತ್ತಂತೆ. ಈಗ ತಂಡ ಚದುರದೆಯೂ, ಎಲ್ಲರೂ ತಮ್ಮ ತಮ್ಮ ಕುರ್ಚಿಯಲ್ಲೇ ಇರುವಾಗಲೂ, ಅದು ಸಾಯಬಹುದು. ಯಾರೂ ಬರೆಯದ, ಯಾರೂ ಪೂರ್ತಿ ಓದದ ಕೋಡ್ ರಾತ್ರಿ ಎರಡು ಗಂಟೆಗೆ ನಿಂತುಹೋದಾಗ ಫೋನ್ ಹೋಗುವುದು ನಿಮಗೇ.

ಹಾಗಾದರೆ ನೀವು ಮಾಡಬೇಕಾದದ್ದೇನು? ಎಐ ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ನಾನೇ ಬಿಟ್ಟಿಲ್ಲ, ಬಿಟ್ಟರೆ ತಂಡದಲ್ಲಿ ಹಿಂದೆ ಬೀಳುತ್ತೀರಿ. ಕ್ರಮ ಬದಲಾಯಿಸಿ ನೋಡಿ. ಈಗ ಅದು ಬರೆಯುತ್ತದೆ, ನೀವು ಓದುತ್ತೀರಿ. ಅದಕ್ಕೆ ಹೇಳುವ ಮೊದಲು ಒಂದು ಹಾಳೆಯ ಮೇಲೆ ನಿಮ್ಮ ಕೈಯಿಂದ ಬರೆಯಿರಿ: ಇದು ಏನು ಮಾಡಬೇಕು, ಯಾವ ಸಂದರ್ಭದಲ್ಲಿ ಕೆಡಬಹುದು, ನಾನಾದರೆ ಹೇಗೆ ಮಾಡುತ್ತಿದ್ದೆ. ಹತ್ತು ನಿಮಿಷ ಸಾಕು. ಆಮೇಲೆ ಅದು ಕೊಟ್ಟದ್ದನ್ನು ಆ ಹಾಳೆಗೆ ಹೋಲಿಸಿ. ಬೇರೆಯಾಗಿದ್ದರೆ ಏಕೆ ಎಂದು ಅದನ್ನೇ ಕೇಳಿ. ಅರ್ಧದಷ್ಟು ಸಲ ಅದರ ದಾರಿ ನಿಮ್ಮದಕ್ಕಿಂತ ಚೆನ್ನಾಗಿರುತ್ತದೆ, ಆಗ ನೀವು ಕಲಿಯುತ್ತೀರಿ. ಉಳಿದ ಅರ್ಧದಲ್ಲಿ ಅದರ ತಪ್ಪು ನಿಮ್ಮ ಕಣ್ಣಿಗೆ ಬೀಳುತ್ತದೆ. ಹಾಳೆ ಇಲ್ಲದಿದ್ದರೆ ಬೀಳುತ್ತಿರಲಿಲ್ಲ. ವಿವರಿಸಲಾಗದ ಒಂದು ಸಾಲಿದ್ದರೂ ಆ ಪುಲ್ ರಿಕ್ವೆಸ್ಟ್, ಅಂದರೆ ಕೋಡ್ ಸೇರಿಸಿಕೊಳ್ಳಿ ಎಂಬ ಕೋರಿಕೆ, ಕಳಿಸಬೇಡಿ. ಒಂದೇ ಸಲ ಸಾವಿರ ಸಾಲು ಬರುವಂತೆ ಕೆಲಸ ಒಪ್ಪಿಸಬೇಡಿ. ಇನ್ನೂರು ಸಾಲಿನ ನಂತರ ಯಾರ ಕಣ್ಣಾದರೂ ಸೋಲುತ್ತದೆ, ನನ್ನದಂತೂ ಸೋಲುತ್ತದೆ. ಬಗ್ ಬಂದಾಗ ಮೊದಲ ಅರ್ಧ ಗಂಟೆ ಲಾಗ್ (ಪ್ರೋಗ್ರಾಂ ನಡೆದುದರ ದಾಖಲೆ) ಇಟ್ಟುಕೊಂಡು ನೀವೇ ಹುಡುಕಿ. ಸಿಗದಿದ್ದರೆ ಆಗ ಏಜೆಂಟನ್ನು ಕರೆಯಿರಿ.

ಇನ್ನೊಂದು ಸಲಹೆ ಇದೆ, ಇದನ್ನು ಕೇಳಿ ನಿಮ್ಮ ಗೆಳತಿಯರು ಹುಬ್ಬೇರಿಸಬಹುದು. ಪ್ರೊಡಕ್ಷನ್ ಸಪೋರ್ಟ್, ಅಂದರೆ ಜನ ಬಳಸುತ್ತಿರುವ ತಂತ್ರಾಂಶ ಕೆಟ್ಟಾಗ ನೋಡಿಕೊಳ್ಳುವ ಸರದಿಯನ್ನು ಕೇಳಿ ಪಡೆದುಕೊಳ್ಳಿ. ಎಲ್ಲರೂ ತಪ್ಪಿಸಿಕೊಳ್ಳುವ ಕೆಲಸ ಅದು. ಆದರೆ ತಂತ್ರಾಂಶ ನಿಜವಾದ ಜನರ ಕೈಯಲ್ಲಿ ಹೇಗೆ ಕೆಡುತ್ತದೆ ಎಂಬುದನ್ನು ಅಲ್ಲಿ ಕಲಿಯುವಷ್ಟು ಬೇರೆಲ್ಲೂ ಕಲಿಯಲಾಗದು. ಹಾಗೆಯೇ ನಿಮ್ಮ ವ್ಯವಸ್ಥೆಯ ಯಾವುದಾದರೂ ಒಂದು ಭಾಗವನ್ನು ತಳಮುಟ್ಟ ತಿಳಿಯಿರಿ. ಡೇಟಾಬೇಸ್ ಆದರೆ, ಒಂದು ಪ್ರಶ್ನೆಗೆ ಅದು ಯಾವ ಇಂಡೆಕ್ಸ್ (ಹುಡುಕಲು ನೆರವಾಗುವ ಸೂಚಿ) ಹಿಡಿದು ಹೋಗುತ್ತದೆ, ಏಕೆ ಕೆಲವೊಮ್ಮೆ ಹಿಡಿಯುವುದಿಲ್ಲ ಎಂಬಲ್ಲಿಯವರೆಗೆ. ವಾರಕ್ಕೊಂದು ಸಂಜೆ ಏನಾದರೂ ಚಿಕ್ಕದನ್ನು ಎಐ ಇಲ್ಲದೆ ಬರೆಯಿರಿ. ಮೊದಲ ಎರಡು ವಾರ ಮೊನ್ನೆಯಂತೆಯೇ ಕೈ ತಡವರಿಸುತ್ತದೆ. ಬಿಟ್ಟ ವೀಣೆಯನ್ನು ಮತ್ತೆ ಹಿಡಿದವರ ಬೆರಳೂ ಹಾಗೆಯೇ. ಮೂರು ವರ್ಷ ಕಲಿತದ್ದು ಎಲ್ಲಿಗೂ ಹೋಗಿಲ್ಲ, ತಂಗಿ, ಮರಳಿ ಬರುತ್ತದೆ.

ಮ್ಯಾನೇಜರ್ ಮೆಚ್ಚುತ್ತಾರೆ ಎಂದಿರಿ. ಎಷ್ಟು ಟಿಕೆಟ್ (ಒಪ್ಪಿಸಿದ ಕೆಲಸ) ಮುಗಿಸಿದಿರಿ ಎಂಬ ಲೆಕ್ಕದ ಮೇಲಿನ ಮೆಚ್ಚುಗೆಯಾದರೆ ಅದನ್ನು ಹೆಚ್ಚು ನೆಚ್ಚಬೇಡಿ. ಆ ಲೆಕ್ಕದಲ್ಲಿ ನಿಮ್ಮ ಜಾಗಕ್ಕೆ ಯಾರನ್ನಾದರೂ ಕೂರಿಸಬಹುದು. ಮುಂದಿನ ಸಲ ಅವರೊಡನೆ ಮಾತಿಗೆ ಕುಳಿತಾಗ, ಬಿಡುಗಡೆಗೆ ಮುಂಚೆ ನೀವು ಹಿಡಿದು ನಿಲ್ಲಿಸಿದ ತಪ್ಪುಗಳ ಪಟ್ಟಿಯನ್ನೂ ಮುಂದಿಡಿ. ಅಂಥದ್ದೊಂದು ಪುಸ್ತಕ ಇವತ್ತಿನಿಂದಲೇ ಇಟ್ಟುಕೊಳ್ಳಿ.

ಇನ್ನು ತಮ್ಮನ ವಿಚಾರ. ಸಿಇಟಿ ಸೀಟು ಸಿಗುತ್ತದೆ, ಅವನಿಗೂ ಆಸೆಯಿದೆ ಎಂದಾದರೆ ಸೇರಲಿ. ಪ್ಯಾಕೇಜ್ ಆಸೆಗೆ, ಅಕ್ಕನಿಗೆ ಕೆಲಸ ಸಿಕ್ಕಿದ್ದರಿಂದ ತನಗೂ ಸಿಗುತ್ತದೆ ಎಂಬ ಲೆಕ್ಕಕ್ಕೆ ಸೇರುವುದಾದರೆ ಬೇಡ; ಆ ಲೆಕ್ಕ ನಾಲ್ಕು ವರ್ಷದ ಹೊತ್ತಿಗೆ ಹಾಗೆಯೇ ಇರುತ್ತದೆ ಎಂದು ನಾನು ನಿಮ್ಮ ತಂದೆಯವರಿಗೆ ಭರವಸೆ ಕೊಡಲಾರೆ. ಸೀಟು ತಪ್ಪಿದರೆ ಆಡಳಿತ ಮಂಡಳಿಯ ಕೋಟಾಕ್ಕೆ ಸಾಲ ಮಾಡಿ ಲಕ್ಷಗಟ್ಟಲೆ ಸುರಿಯುವ ಯೋಚನೆಯನ್ನಂತೂ ದಯವಿಟ್ಟು ಬಿಡಿ. ಎಲೆಕ್ಟ್ರಾನಿಕ್ಸ್, ಸಿವಿಲ್, ಕೃಷಿ ಎಂಜಿನಿಯರಿಂಗ್ ಓದಿದವರೂ ಇನ್ನು ಮುಂದೆ ಎಐ ನೆರವಿನಿಂದ ತಮ್ಮ ಕ್ಷೇತ್ರಕ್ಕೆ ಬೇಕಾದ ಪ್ರೋಗ್ರಾಂ ಬರೆಯಬಲ್ಲರು, ಅವರಲ್ಲಿ ಕ್ಷೇತ್ರದ ತಿಳಿವಳಿಕೆಯೂ ಇರುತ್ತದೆ. ಕಂಪ್ಯೂಟರ್ ಸೈನ್ಸ್ ಸೇರಿದರೆ ಮೊದಲ ಎರಡು ವರ್ಷ ಕೋಡನ್ನು ತಾನೇ ಬರೆಯಲಿ. ಸಿ ಭಾಷೆ, ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಂ, ನೆಟ್‌ವರ್ಕ್, ಇವು ಹಳತಾಗಿಲ್ಲ. ಎಐಯನ್ನು ಮೇಷ್ಟ್ರ ಹಾಗೆ ಬಳಸಲಿ: ‘ನನ್ನ ಕೋಡ್ ಏಕೆ ತಪ್ಪು, ಉತ್ತರ ಕೊಡಬೇಡ, ಸುಳಿವು ಕೊಡು’ ಎಂದು ಕೇಳಲಿ. ಅಷ್ಟು ತಾಳ್ಮೆಯ ಮೇಷ್ಟ್ರು ನಮ್ಮ ಕಾಲದಲ್ಲಿ ನಮಗೆ ಸಿಕ್ಕಿರಲಿಲ್ಲ, ಅವನು ಭಾಗ್ಯವಂತ.

ಕಾಲೇಜು ಶುರುವಾಗಲು ಇನ್ನೂ ದಿನಗಳಿವೆಯಲ್ಲ, ಅಷ್ಟರೊಳಗೆ ಅವನಿಗೊಂದು ಕೆಲಸ ಕೊಡಿ. ನಿಮ್ಮದು ಕೊಬ್ಬರಿಯ ಊರು. ತಿಪಟೂರಿನ ಎಪಿಎಂಸಿಗೆ ಕೊಬ್ಬರಿ ವಹಿವಾಟಿನ ದಿನ ಒಂದು ನೋಟ್‌ಬುಕ್ ಹಿಡಿದು ಹೋಗಲಿ. ಚೀಲ ಬಂದಲ್ಲಿಂದ ರೈತರ ಕೈಗೆ ದುಡ್ಡು ಸೇರುವವರೆಗೆ ಯಾರು ಏನನ್ನು ಬರೆದುಕೊಳ್ಳುತ್ತಾರೆ, ತೂಕದಲ್ಲಿ ಏನು ಕಳೆಯುತ್ತಾರೆ, ಪೈಸೆಯನ್ನು ಹೇಗೆ ಪೂರ್ಣಗೊಳಿಸುತ್ತಾರೆ, ಎಲ್ಲಿ ಜಗಳ ಬರುತ್ತದೆ ಎಂದು ನೋಡಿ ಬರೆದುಕೊಳ್ಳಲಿ. ಗೊತ್ತಾಗದ್ದನ್ನು ಮಂಡಿಯವರನ್ನೂ ರೈತರನ್ನೂ ಕೇಳಲಿ. ಮನೆಗೆ ಬಂದ ಮೇಲೆ ನೀವಿಬ್ಬರೂ ಕುಳಿತು ಆ ನೋಟ್‌ಬುಕ್ಕಿನಿಂದ ಒಬ್ಬ ರೈತರ ಒಂದು ಬಿಲ್ ತಯಾರಿಸುವ ಪ್ರೋಗ್ರಾಂ ಬರೆಯಿರಿ, ಎಐ ಇಲ್ಲದೆ. ಅದು ಮುಗಿದ ಮೇಲೆ ಅದೇ ನೋಟ್‌ಬುಕ್ಕನ್ನು ಎಐಗೆ ಕೊಟ್ಟು ಅದರಿಂದಲೂ ಒಂದು ಬರೆಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಏನು ಕಂಡಿತೆಂದು ನನಗೆ ಬರೆಯಿರಿ.